ಡಚ್ ಕಲಿಯುವ ಕನ್ನಡಿಗರಿಗೆ: ಒಂದನೇ, ಎರಡನೇ, ಮೂರನೇ ಹೇಳುವುದು ಹೇಗೆ?

ಡಚ್ ಕಲಿಯಲು ಶುರು ಮಾಡಿದವರು ಒಂದರಿಂದ ನೂರರವರೆಗೆ ಎಣಿಸುವುದನ್ನು ಬೇಗನೇ ಕಲಿತುಬಿಡುತ್ತಾರೆ. ಆಮೇಲೆ ‘ಒಂದನೇ, ಎರಡನೇ’ ಪಟ್ಟಿ ಬರುತ್ತದೆ. ಅದನ್ನೂ ಮಗ್ಗಿಯ ಹಾಗೆ ಉರು ಹೊಡೆಯುತ್ತಾರೆ. ಉರು ಹೊಡೆಯುವಂಥದ್ದು ಅಲ್ಲಿ ಜಾಸ್ತಿ ಏನೂ ಇಲ್ಲ. ಎರಡು ಪ್ರತ್ಯಯ, ಬೆರಳೆಣಿಕೆಯ ಅಪವಾದ, ಅಷ್ಟೇ. ಒಂದು ಸಂಜೆ ಕೂತರೆ ಮುಗಿಯುತ್ತದೆ.

ನಿಜವಾದ ಕೆಲಸ ಇರುವುದು ಬೇರೆ ಕಡೆ. ಡಚ್ಚರು ಎಲ್ಲಿ ‘ಐದನೇ’ ಅನ್ನುತ್ತಾರೆ, ಎಲ್ಲಿ ಬರೀ ‘ಐದು’ ಅನ್ನುತ್ತಾರೆ ಎನ್ನುವುದು. ಇದು ಕನ್ನಡದ ರೂಢಿಗೆ ಕೆಲವು ಕಡೆ ಸರಿಯಾಗಿ ಹೊಂದುತ್ತದೆ, ಕೆಲವು ಕಡೆ ಪೂರ್ತಿ ಉಲ್ಟಾ. ಹಾಗಾಗಿ ಈ ಬರಹದಲ್ಲಿ ರೂಪಕ್ಕೆ ಸ್ವಲ್ಪ, ಬಳಕೆಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ಉಚ್ಚಾರಣೆಯ ಒಪ್ಪಂದ

ಡಚ್ ಪದಗಳನ್ನು ಕೇಳಿಸುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಸ್ಪೆಲಿಂಗಿಗೆ ನಿಮ್ಮ ಪಠ್ಯಪುಸ್ತಕ ಪಕ್ಕದಲ್ಲಿರಲಿ. ಕೆಲವು ಮಾತು ನೆನಪಿಟ್ಟುಕೊಳ್ಳಿ:

‘ಖ’ ಎಂದು ಬರೆದದ್ದೆಲ್ಲ ನಮ್ಮ ಮಹಾಪ್ರಾಣ ಖ ಅಲ್ಲ. ಗಂಟಲನ್ನು ಕೆರೆದುಕೊಂಡು ಬರುವ ಉಸಿರಿನ ಸದ್ದು. ‘ಝ’ ಎಂದರೆ ಇಂಗ್ಲಿಷಿನ ‘ಝೂ’ ಪದದ ಮೊದಲ ಸದ್ದು. ಪದದ ಕೊನೆಗೆ ಬರುವ ‘ಎ’ ತುಂಬಾ ಸಣ್ಣದು, ಅ ಮತ್ತು ಎ ನಡುವೆ ಎಲ್ಲೋ ಇರುತ್ತದೆ. ಅದನ್ನು ಒತ್ತಿ ಹೇಳಬೇಡಿ. ‘ಫ’ದಿಂದ ಶುರುವಾಗುವ ಹಲವು ಪದಗಳು ಬರಹದಲ್ಲಿ ‘ವಿ’ ಅಕ್ಷರದಿಂದ ಶುರುವಾಗುತ್ತವೆ. ಅವು ಫ ಮತ್ತು ವ ನಡುವಿನ ಸದ್ದು. ತ, ದ ಮಾತ್ರ ಹೆಚ್ಚುಕಡಿಮೆ ನಮ್ಮದೇ, ನಾಲಿಗೆ ಮಡಚಿ ಟ, ಡ ಮಾಡದಿದ್ದರೆ ಸಾಕು.

ಎಣಿಕೆ ಬರುತ್ತದೆ ಎಂದುಕೊಂಡೇ ಮುಂದೆ ಹೋಗುತ್ತಿದ್ದೇನೆ, ಆದರೂ ಒಮ್ಮೆ ಹೇಳಿಕೊಳ್ಳಿ: ಏನ್, ತ್ವೇ, ದ್ರೀ, ಫೀರ್, ಫೈಫ್, ಝೆಸ್, ಝೇವೆನ್, ಅಖ್ತ್, ನೇಖೆನ್, ತೀನ್, ಎಲ್ಫ್, ತ್ವಾಲ್ಫ್. ಒಂದಕ್ಕೆ ‘ಏನ್’ ಅನ್ನುವುದು ಕನ್ನಡದವರಿಗೆ ತಮಾಷೆ. ಹತ್ತಕ್ಕೆ ‘ತೀನ್’ ಅನ್ನುವುದು ಹಿಂದಿ ಬಲ್ಲವರಿಗೆ ತಲೆನೋವು.

ಹಂತ 1: ಒಂದರಿಂದ ಹನ್ನೆರಡು

ಕನ್ನಡದಲ್ಲಿ ಎಲ್ಲದಕ್ಕೂ ‘ಅನೇ’ ಹಚ್ಚಿದರೆ ಆಯಿತು. ಮೊದಲನೆಯದು ಮಾತ್ರ ಸ್ವಲ್ಪ ಬೇರೆ. ಡಚ್ಚಿನಲ್ಲಿ ಎರಡು ಬಾಲಗಳಿವೆ: ‘ದೆ’ ಮತ್ತು ‘ಸ್ತೆ’. ಎರಡರಿಂದ ಹತ್ತೊಂಬತ್ತರವರೆಗೆ ‘ದೆ’, ಇಪ್ಪತ್ತರಿಂದ ಮೇಲೆ ‘ಸ್ತೆ’. ಇದು ಮೂಲ ನಿಯಮ.

ಈಗ ಜೋರಾಗಿ ಓದಿ:

1ನೇ – ಏರ್‌ಸ್ತೆ
2ನೇ – ತ್ವೇದೆ
3ನೇ – ದೆರ್‌ದೆ
4ನೇ – ಫೀರ್‌ದೆ
5ನೇ – ಫೈವ್‌ದೆ
6ನೇ – ಝೆಝ್‌ದೆ
7ನೇ – ಝೇವೆನ್‌ದೆ
8ನೇ – ಅಖ್ತ್‌ಸ್ತೆ
9ನೇ – ನೇಖೆನ್‌ದೆ
10ನೇ – ತೀನ್‌ದೆ
11ನೇ – ಎಲ್ವ್‌ದೆ
12ನೇ – ತ್ವಾಲ್ವ್‌ದೆ

ಇಲ್ಲಿ ನಿಯಮ ತಪ್ಪಿದವು ಮೂರೇ. ಒಂದನೆಯದು ‘ಏನ್‌ದೆ’ ಆಗದೆ ‘ಏರ್‌ಸ್ತೆ’ ಆಗಿದೆ. ಮೂರನೆಯದು ‘ದ್ರೀದೆ’ ಆಗದೆ ‘ದೆರ್‌ದೆ’ ಆಗಿದೆ. ಎಂಟನೆಯದು ಚಿಕ್ಕ ಸಂಖ್ಯೆಯಾದರೂ ‘ಸ್ತೆ’ ಹಚ್ಚಿಕೊಂಡಿದೆ. ‘ದೆರ್’ ಹೊಸದೇನಲ್ಲ. ಹದಿಮೂರಕ್ಕೆ ‘ದೆರ್ತೀನ್’, ಮೂವತ್ತಕ್ಕೆ ‘ದೆರ್ತೆಖ್’ ಎಂದು ನೀವು ಆಗಲೇ ಕಲಿತಿದ್ದೀರಿ.

ಐದು, ಆರು, ಹನ್ನೊಂದು, ಹನ್ನೆರಡರಲ್ಲಿ ಒಂದು ಸೂಕ್ಷ್ಮ ಇದೆ. ‘ಫೈಫ್’ನ ಕೊನೆಯ ಫ್, ಮುಂದೆ ‘ದೆ’ ಬಂದಾಗ ‘ವ್’ ಆಗುತ್ತದೆ. ‘ಝೆಸ್’ನ ಸ್ ಕೂಡ ‘ಝ್’ ಆಗುತ್ತದೆ. ಕಾಗುಣಿತ ಬದಲಾಗುವುದಿಲ್ಲ, ಬಾಯಲ್ಲಿ ಮಾತ್ರ. ಕನ್ನಡದಲ್ಲಿ ‘ವಾಕ್’ ಹೋಗಿ ‘ವಾಗ್ದಾನ’ ಆಗುತ್ತದಲ್ವಾ, ಅದೇ ಜಶ್ತ್ವ ಸಂಧಿಯ ಜಾಡು. ನಿಮ್ಮ ನಾಲಿಗೆಗೆ ಇದು ಕಷ್ಟವಲ್ಲ.

ಕಷ್ಟ ಇರುವುದು ಎಂಟನೆಯದರಲ್ಲಿ. ಖ್, ತ್, ಸ್, ತ್ ನಾಲ್ಕೂ ಸಾಲಾಗಿ ನಿಂತಿವೆ. ಡಚ್ಚರೇ ಮಾತಿನಲ್ಲಿ ನಡುವಿನ ತ್ ನುಂಗಿ ‘ಅಖ್‌ಸ್ತೆ’ ಅನ್ನುವುದುಂಟು. ನೀವೂ ಹಾಗೇ ಹೇಳಿ. ಬರೆಯುವಾಗ ಮಾತ್ರ ಆ ತ್ ಬಿಡಬೇಡಿ.

ಹಂತ 2: ಹದಿಮೂರರಿಂದ ಹತ್ತೊಂಬತ್ತು

ಎಲ್ಲಕ್ಕೂ ‘ದೆ’. ದೆರ್ತೀನ್‌ದೆ, ಫೇರ್ತೀನ್‌ದೆ, ಫೈಫ್ತೀನ್‌ದೆ, ಝೆಸ್ತೀನ್‌ದೆ, ಝೇವೆನ್ತೀನ್‌ದೆ, ಅಖ್ತೀನ್‌ದೆ, ನೇಖೆನ್ತೀನ್‌ದೆ. ಹದಿನೆಂಟರಲ್ಲಿ ಎಂಟು ಇದ್ದರೂ ‘ಸ್ತೆ’ ಬರುವುದಿಲ್ಲ, ಯಾಕೆಂದರೆ ಪದದ ಕೊನೆಯಲ್ಲಿರುವುದು ‘ತೀನ್’. ಈ ಕಾರಣವನ್ನು ಹಿಡಿದಿಟ್ಟುಕೊಳ್ಳಿ, ನೂರು ದಾಟಿದ ಮೇಲೆ ಇದೇ ಕೈ ಹಿಡಿಯುತ್ತದೆ.

ಹಂತ 3: ಇಪ್ಪತ್ತು ಮತ್ತು ಮೇಲೆ

20ನೇ ತ್ವಿಂತೆಖ್‌ಸ್ತೆ, 30ನೇ ದೆರ್ತೆಖ್‌ಸ್ತೆ, 40ನೇ ಫೇರ್ತೆಖ್‌ಸ್ತೆ, 50ನೇ ಫೈಫ್ತೆಖ್‌ಸ್ತೆ, 60ನೇ ಸೆಸ್ತೆಖ್‌ಸ್ತೆ, 70ನೇ ಸೇವೆನ್ತೆಖ್‌ಸ್ತೆ, 80ನೇ ತಖ್ತೆಖ್‌ಸ್ತೆ, 90ನೇ ನೇಖೆನ್ತೆಖ್‌ಸ್ತೆ.

ಅರವತ್ತು, ಎಪ್ಪತ್ತರಲ್ಲಿ ‘ಝ’ ಬದಲು ‘ಸ’ ಬರೆದದ್ದು ಕೈತಪ್ಪಲ್ಲ. ಬರಹದಲ್ಲಿ ಆರು, ಏಳರ ಅಕ್ಷರವೇ ಇದ್ದರೂ ಹೇಳುವಾಗ ‘ಸೆಸ್ತೆಖ್’, ‘ಸೇವೆನ್ತೆಖ್’. ನಲವತ್ತು, ಐವತ್ತರಲ್ಲೂ ಹಾಗೇ, ಅಲ್ಲಿ ಗಟ್ಟಿ ಫ. ಹಳೆಯ ಕಾಲದಲ್ಲಿ ಈ ಪದಗಳ ಮುಂದೆ ಇದ್ದ ಒಂದು ‘ತ್’ ಬಿಟ್ಟುಹೋದ ಗುರುತು ಅದು. ಎಂಬತ್ತರಲ್ಲಿ ಮಾತ್ರ ಆ ತ್ ಇನ್ನೂ ಕಣ್ಣಿಗೇ ಕಾಣುತ್ತದೆ: ಅಖ್ತ್ ಎಂದರೆ ಎಂಟು, ಎಂಬತ್ತು ‘ತಖ್ತೆಖ್’.

ಈಗ ನಡುವಿನವು. ಡಚ್ಚಿನಲ್ಲಿ ಬಿಡಿ ಮೊದಲು, ಹತ್ತು ಆಮೇಲೆ. ಇಪ್ಪತ್ತೊಂದು ಎಂದರೆ ‘ಏನ್-ಎನ್-ತ್ವಿಂತೆಖ್’, ಅಂದರೆ ‘ಒಂದೂ ಇಪ್ಪತ್ತೂ’. ಬಾಲ ಹತ್ತುವುದು ಕೊನೆಗೆ ಮಾತ್ರ: ಏನ್-ಎನ್-ತ್ವಿಂತೆಖ್‌ಸ್ತೆ. ಒಳಗೆ ಒಂದು ಇದೆ ಎಂದು ‘ಏರ್‌ಸ್ತೆ’ ತರಬೇಡಿ. ಬರೆಯುವಾಗ ಇಡೀ ಸಂಖ್ಯೆ ಒಂದೇ ಪದ, ನಡುವೆ ಜಾಗ ಇಲ್ಲ. 22, 23 ಬರೆಯುವಾಗ ನಡುವಿನ ‘ಎನ್’ನ ಮೊದಲ ಅಕ್ಷರದ ಮೇಲೆ ಎರಡು ಚುಕ್ಕಿ ಇಡಬೇಕು. 32, 33, 42, 43ಕ್ಕೂ ಹಾಗೇ. ಪಕ್ಕದ ಸ್ವರಗಳು ಒಂದಾಗಿ ಕಾಣಬಾರದು ಎಂದು ಈ ಚುಕ್ಕಿ.

ಕೇಳುವಾಗ ಒಂದು ಉಪಾಯ. 25ನೇ ಎನ್ನುವುದು ‘ಫೈಫ್-ಎನ್-ತ್ವಿಂತೆಖ್‌ಸ್ತೆ’ ಎಂದು ಬರುತ್ತದೆ. ಕಿವಿಗೆ ಬಿದ್ದ ಕ್ರಮದಲ್ಲೇ ಬರೆದರೆ 52 ಆಗುತ್ತದೆ. ಅದಕ್ಕೇ ‘ಫೈಫ್’ ಕೇಳಿದ ತಕ್ಷಣ ಬರೆಯಲು ಹೋಗಬೇಡಿ. ಎಡಗಡೆ ಒಂದು ಅಂಕಿಗೆ ಜಾಗ ಬಿಟ್ಟು 5 ಬರೆಯಿರಿ, ಹತ್ತು ಕೇಳಿದ ಮೇಲೆ ಆ ಜಾಗ ತುಂಬಿ.

ಹಂತ 4: ನೂರು ದಾಟಿದ ಮೇಲೆ

100ನೇ ಹೊಂದೆರ್ತ್‌ಸ್ತೆ, 1000ನೇ ದೌಝೆಂತ್‌ಸ್ತೆ, ಹತ್ತು ಲಕ್ಷನೇ ಮಿಲ್ಯೂನ್‌ಸ್ತೆ. ಉಳಿದದ್ದಕ್ಕೆಲ್ಲ ಒಂದೇ ಮಾತು: ಕೊನೆಯ ತುಂಡು ಯಾವುದೋ ಅದರ ನಿಯಮ. 102ನೇ ‘ಹೊಂದೆರ್ತ್‌ತ್ವೇದೆ’, 103ನೇ ‘ಹೊಂದೆರ್ತ್‌ದೆರ್‌ದೆ’, 120ನೇ ‘ಹೊಂದೆರ್ತ್‌ತ್ವಿಂತೆಖ್‌ಸ್ತೆ’. 101ಕ್ಕೆ ‘ಏರ್‌ಸ್ತೆ’ ಮತ್ತೆ ಬರುತ್ತದೆ: ಹೊಂದೆರ್ತ್‌ಏರ್‌ಸ್ತೆ. ಇಷ್ಟು ಉದ್ದದ ಪದ ಬಾಯಿಗೆ ಬರುವ ಸಂದರ್ಭ ಕಡಿಮೆ, ಆದ್ದರಿಂದ ಇಲ್ಲಿ ಜಾಸ್ತಿ ಹೊತ್ತು ಕೂರಬೇಡಿ.

ಅಂಕಿಯಲ್ಲಿ ಬರೆಯುವುದು ಸುಲಭ. ಅಂಕಿಯ ಪಕ್ಕ ರೋಮನ್ ಲಿಪಿಯ ‘ಇ’ ಅಕ್ಷರ ಒಂದೇ ಇಟ್ಟರೆ ಸಾಕು, ಎಲ್ಲ ಸಂಖ್ಯೆಗೂ ನಡೆಯುತ್ತದೆ. ‘ದೆ’, ‘ಸ್ತೆ’ ಪೂರ್ತಿ ಹಚ್ಚಿ ಬರೆದರೂ ಸರಿಯೇ. ಗೊಂದಲ ಬೇಡದವರು ಮೊದಲನೆಯದನ್ನೇ ಹಿಡಿಯಿರಿ.

ಹಂತ 5: ವಾಕ್ಯದಲ್ಲಿ ಕೂರಿಸುವುದು

ಡಚ್ ವಿಶೇಷಣಗಳ ಕಾಟ ಗೊತ್ತಿರುತ್ತದೆ. ಕೊನೆಯಲ್ಲಿ ‘ಎ’ ಬರುತ್ತದೋ ಇಲ್ಲವೋ ಎಂದು ಪ್ರತಿ ಸಲ ಯೋಚಿಸಬೇಕು. ‘ದೊಡ್ಡ ಮನೆ’ ಎನ್ನಲು ‘ಎನ್ ಖ್ರೋತ್ ಹೌಸ್’, ಎ ಇಲ್ಲ. ಅದೇ ‘ದೊಡ್ಡ ಬೀದಿ’ ಎನ್ನಲು ‘ಎನ್ ಖ್ರೋತೆ ಸ್ತ್ರಾತ್’, ಎ ಇದೆ.

ಒಂದನೇ, ಎರಡನೇಗಳಿಗೆ ಈ ಕಾಟ ಇಲ್ಲವೇ ಇಲ್ಲ. ‘ಎನ್ ತ್ವೇದೆ ಹೌಸ್’, ‘ಹೆತ್ ತ್ವೇದೆ ಹೌಸ್’, ‘ದೆ ತ್ವೇದೆ ಸ್ತ್ರಾತ್’. ಎಲ್ಲ ಕಡೆ ‘ತ್ವೇದೆ’. ಮುಂದಿನ ನಾಮಪದ ‘ದೆ’ ಗುಂಪಿನದೋ ‘ಹೆತ್’ ಗುಂಪಿನದೋ ಎನ್ನುವುದು ಮಾತ್ರ ಗೊತ್ತಿದ್ದರೆ ಆಯಿತು (ಈ ‘ದೆ’ ಬಾಲವಲ್ಲ, ಇಂಗ್ಲಿಷಿನ ‘ದಿ’ ಹಾಗೆ ನಾಮಪದದ ಮುಂದೆ ಬರುವ ಬಿಡಿ ಪದ).

‘ಎಷ್ಟನೇ’ ಎಂದು ಕೇಳುವ ಪದ ಡಚ್ಚಿನಲ್ಲೂ ಇದೆ: ಹೂಫೇಲ್‌ಸ್ತೆ. ‘ಎಷ್ಟು’ ಎನ್ನುವ ‘ಹೂಫೇಲ್’ಗೆ ‘ಸ್ತೆ’ ಹಚ್ಚಿದ್ದಾರೆ, ನಾವು ‘ಎಷ್ಟು’ಗೆ ‘ಅನೇ’ ಹಚ್ಚಿದ ಹಾಗೇ. ಇಂಗ್ಲಿಷ್ ಮೂಲಕ ಡಚ್ ಕಲಿಸುವ ಪುಸ್ತಕಗಳು ಇದನ್ನು ವಿವರಿಸಲು ಸುತ್ತಿ ಬಳಸುತ್ತವೆ. ಕನ್ನಡದವರಿಗೆ ಸುತ್ತುವ ಅಗತ್ಯವಿಲ್ಲ. ಹೀಗೇ ‘ಝೋಫೇಲ್‌ಸ್ತೆ’ ಎಂದೊಂದಿದೆ. ‘ಇದು ಎಷ್ಟನೇ ಸಲವೋ!’ ಎಂದು ರೋಸಿಹೋಗಿ ಹೇಳುತ್ತೇವಲ್ಲ, ಅಲ್ಲಿಗೆ ಅದು: ದೆ ಝೋಫೇಲ್‌ಸ್ತೆ ಕೇರ್.

ಮಾತನ್ನು ಒಂದೊಂದಾಗಿ ಜೋಡಿಸುವಾಗ ‘ತೆನ್ ಏರ್‌ಸ್ತೆ, ತೆನ್ ತ್ವೇದೆ, ತೆನ್ ದೆರ್‌ದೆ’ ಅನ್ನುತ್ತಾರೆ. ‘ಮೊದಲನೆಯದಾಗಿ, ಎರಡನೆಯದಾಗಿ’ ಎಂದ ಹಾಗೆ. ಭಾಷಾ ಪರೀಕ್ಷೆಯ ಪತ್ರ ಬರೆಯುವಾಗ ಇದು ಒಳ್ಳೆಯ ಸಾಮಾನು.

ಹಂತ 6: ತಾರೀಖು

ನಾವು ‘ನಾಲ್ಕನೇ ತಾರೀಖು’ ಅನ್ನುತ್ತೇವೆ. ಇಂಗ್ಲಿಷಿನಲ್ಲೂ ‘ಫೋರ್ತ್’ ಅನ್ನುತ್ತಾರೆ. ಡಚ್ಚರು ತಿಂಗಳ ಹೆಸರಿನ ಜೊತೆ ಹೇಳುವಾಗ ಬರೀ ‘ನಾಲ್ಕು’ ಅನ್ನುತ್ತಾರೆ. ಮೇ 4 ‘ಫೀರ್ ಮೈ’, ಮೇ 5 ‘ಫೈಫ್ ಮೈ’. ನೆದರ್ಲೆಂಡ್ಸ್‌ನಲ್ಲಿ ಈ ಎರಡು ದಿನ ಎಲ್ಲರ ಬಾಯಲ್ಲೂ ಇರುತ್ತವೆ. 4ರಂದು ಯುದ್ಧದಲ್ಲಿ ಸತ್ತವರ ಸ್ಮರಣೆ, 5ರಂದು 1945ರ ಬಿಡುಗಡೆಯ ನೆನಪು. ಟಿವಿಯಲ್ಲಿ ಕೇಳಿ ನೋಡಿ, ‘ಫೀರ್‌ದೆ’ ಎಂದು ಯಾರೂ ಅನ್ನುವುದಿಲ್ಲ.

ಹಾಗಾದರೆ ತಾರೀಖಿಗೆ ‘ದೆ, ಸ್ತೆ’ ಬೇಡವೇ? ತಿಂಗಳ ಹೆಸರು ಇಲ್ಲದಾಗ ಬೇಕು. ‘ದೆ ಹೂಫೇಲ್‌ಸ್ತೆ ಇಸ್ ಹೆತ್ ಫನ್‌ದಾಖ್?’ ಎಂದರೆ ‘ಇವತ್ತು ಎಷ್ಟನೇ ತಾರೀಖು?’ ಉತ್ತರ ‘ದೆ ಫೀರ್‌ದೆ’ ಎಂದಾಗಬಹುದು, ‘ಫೀರ್ ಮೈ’ ಎಂದೂ ಆಗಬಹುದು. ಬಾಡಿಗೆ ಕಟ್ಟುವ ದಿನ ‘ದೆ ಏರ್‌ಸ್ತೆ ಫನ್ ದೆ ಮಾಂತ್’, ತಿಂಗಳ ಒಂದನೇ ತಾರೀಖು.

ವಾರದ ದಿನ ಎಣಿಸುವಾಗಲೂ ಬೇಕು. ತಿಂಗಳ ಮೊದಲ ಸೋಮವಾರ ಮಧ್ಯಾಹ್ನ 12ಕ್ಕೆ ದೇಶದ ತುಂಬ ಅಪಾಯದ ಸೈರನ್ ಪರೀಕ್ಷೆ ಮಾಡುವ ಪದ್ಧತಿ ಇದೆ. ಹೊಸದಾಗಿ ಬಂದವರು ಮೊದಲ ಸಲ ಕೇಳಿದರೆ ಎದೆ ಧಸಕ್ ಎನ್ನುತ್ತದೆ. ಸಹೋದ್ಯೋಗಿ ಕಾಫಿ ಹೀರುತ್ತಲೇ ಹೇಳುವ ಉತ್ತರ: ‘ಏರ್‌ಸ್ತೆ ಮಾಂದಾಖ್ ಫನ್ ದೆ ಮಾಂತ್’. ಇನ್ನೊಂದು, ಸೆಪ್ಟೆಂಬರಿನ ಮೂರನೇ ಮಂಗಳವಾರ, ‘ದೆರ್‌ದೆ ದಿನ್ಸ್‌ದಾಖ್ ಫನ್ ಸೆಪ್ತೆಂಬೆರ್’. ಅಂದು ರಾಜ ಹೇಗ್ ನಗರದಲ್ಲಿ ಭಾಷಣ ಓದುತ್ತಾರೆ, ಸರ್ಕಾರ ಮುಂದಿನ ವರ್ಷದ ಬಜೆಟ್ ಮಂಡಿಸುತ್ತದೆ.

ತಿಂಗಳನ್ನೂ ಎಣಿಸಿ ಹೇಳುವ ಒಂದು ಮಜದ ಪ್ರಯೋಗವಿದೆ: ‘ದೆ ಎಲ್ವ್‌ದೆ ಫನ್ ದೆ ಎಲ್ವ್‌ದೆ’, ಹನ್ನೊಂದನೆಯದರ ಹನ್ನೊಂದನೇ ದಿನ. ನವೆಂಬರ್ 11. ದಕ್ಷಿಣದ ಲಿಂಬರ್ಗ್, ಬ್ರಬಾಂಟ್ ಕಡೆ ಕಾರ್ನಿವಲ್ ಹಂಗಾಮು ಆ ದಿನ 11 ಗಂಟೆ 11 ನಿಮಿಷಕ್ಕೆ ಶುರುವಾಗುತ್ತದೆ.

ಹಂತ 7: ಬೀದಿ, ಮಹಡಿ, ರೈಲು

ದಾರಿ ಕೇಳಿದಾಗ ‘ನೇಮ್ ದೆ ತ್ವೇದೆ ಸ್ತ್ರಾತ್ ಲಿಂಕ್ಸ್’ ಎಂದರೆ ಎಡಕ್ಕೆ ಎರಡನೇ ಬೀದಿ ಹಿಡಿಯಿರಿ ಎಂದು. ಬಲಕ್ಕೆ ‘ರೆಖ್ತ್ಸ್’. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬೀದಿಗಳ ಹೆಸರಿನಲ್ಲೇ ಒಂದನೇ, ಎರಡನೇ ಸೇರಿಕೊಂಡಿವೆ. ದೆ ಪೈಪ್ ಬಡಾವಣೆಯಲ್ಲಿ ಏರ್‌ಸ್ತೆ ಫನ್ ದೆರ್ ಹೆಲ್ಸ್ತ್‌ಸ್ತ್ರಾತ್ ಇದೆ. ಯೋರ್ದಾನ್ ಪ್ರದೇಶದಲ್ಲಿ ತ್ವೇದೆ ಏಖೆಲಂತೀರ್ಸ್‌ದ್ವರ್ಸ್‌ಸ್ತ್ರಾತ್ ಇದೆ. ಹೆಸರು ನೋಡಿ ಹೆದರಬೇಡಿ. ‘ದ್ವರ್ಸ್‌ಸ್ತ್ರಾತ್’ ಎಂದರೆ ಅಡ್ಡರಸ್ತೆ. ಬೆಂಗಳೂರಿನ ‘ಸೆಕೆಂಡ್ ಕ್ರಾಸ್’ ಗೊತ್ತಿದ್ದವರಿಗೆ ಅಷ್ಟು ಸಾಕು. ಫಲಕದಲ್ಲಿ ಅಂಕಿ ಹಾಕಿ ‘ಇ’ ಹಚ್ಚಿರುವುದೂ ಕಾಣಸಿಗುತ್ತದೆ.

ಮಹಡಿ ಎಣಿಸುವುದು ನಮ್ಮ ಹಾಗೆಯೇ. ನೆಲಮಹಡಿ ‘ಬೆಖಾನೆ ಖ್ರೊಂತ್’. ಬೆಲ್ಜಿಯಂನ ಡಚ್ ಭಾಗದಲ್ಲಿ ಅದನ್ನೇ ‘ಖೆಲೈಕ್‌ಫ್ಲೂರ್ಸ್’ ಅನ್ನುತ್ತಾರೆ. ಅದರ ಮೇಲಿನದು ‘ಏರ್‌ಸ್ತೆ ಫೆರ್‌ದೀಪಿಂಗ್’. ಆದರೆ ಆಮ್‌ಸ್ಟರ್‌ಡ್ಯಾಮ್‌ನ ಹಳೇ ಮನೆಗಳಲ್ಲಿರುವವರು ‘ದ್ರೀ ಹೋಖ್’ ಅನ್ನುತ್ತಾರೆ, ಪದಶಃ ‘ಮೂರು ಎತ್ತರ’, ಅಂದರೆ ಮೂರನೇ ಮಹಡಿ. ಇಲ್ಲಿ ‘ದೆ’ ಬರುವುದಿಲ್ಲ.

ರೈಲಿನಲ್ಲಿ ‘ಏರ್‌ಸ್ತೆ ಕ್ಲಸ್’, ‘ತ್ವೇದೆ ಕ್ಲಸ್’ ಎರಡಿವೆ. ಡಬ್ಬಿಯ ಮೇಲೆ 1, 2 ಎಂದು ದೊಡ್ಡದಾಗಿ ಬರೆದಿರುತ್ತಾರೆ. ಸೀಟು ಖಾಲಿ ಇದೆ ಎಂದು ಒಂದರೊಳಗೆ ಕೂರುವ ಮುಂಚೆ ಟಿಕೆಟ್ ನೋಡಿಕೊಳ್ಳಿ.

ಮಗುವಿನ ತರಗತಿ ಹೇಳುವಾಗ ನಮ್ಮ ‘ಎಷ್ಟನೇ ಕ್ಲಾಸ್’ ಅಭ್ಯಾಸ ಕೈ ಕೊಡುತ್ತದೆ. ಪ್ರಾಥಮಿಕ ಶಾಲೆಯಲ್ಲಿ 1ರಿಂದ 8ರವರೆಗೆ ‘ಖ್ರೂಪ್’ಗಳು, ಅವಕ್ಕೆ ಬರೀ ಸಂಖ್ಯೆ: ‘ಖ್ರೂಪ್ ದ್ರೀ’. ಸುಮಾರು ನಾಲ್ಕು ವರ್ಷಕ್ಕೇ ಶಾಲೆ ಶುರುವಾಗುವುದರಿಂದ, ಓದು ಬರಹ ಶಿಸ್ತಾಗಿ ಕಲಿಸುವ ಈ ಖ್ರೂಪ್ ದ್ರೀ ನಮ್ಮ ಒಂದನೇ ತರಗತಿಗೆ ಹತ್ತಿರ. ಊರಿಗೆ ಫೋನ್ ಮಾಡಿ ‘ಮಗ ಮೂರನೇ ಕ್ಲಾಸು’ ಅಂದುಬಿಟ್ಟರೆ ಅಜ್ಜಿ ತಾತ ಖುಷಿಪಟ್ಟಾರು, ಲೆಕ್ಕ ತಪ್ಪುತ್ತದೆ.

ಹಂತ 8: ರಾಜರು, ಸಂಸತ್ತು, ಹಬ್ಬಗಳು

ರಾಜರ ಹೆಸರಿನ ಮುಂದೆ ರೋಮನ್ ಅಂಕಿ ಇದ್ದರೆ ‘ದೆ’ ಸೇರಿಸಿ ಓದಬೇಕು. 1500ರಲ್ಲಿ ಘೆಂಟ್‌ನಲ್ಲಿ ಹುಟ್ಟಿದ ಚಕ್ರವರ್ತಿ ಐದನೇ ಚಾರ್ಲ್ಸ್ ಡಚ್ಚಿನಲ್ಲಿ ‘ಕಾರೆಲ್ ದೆ ಫೈವ್‌ದೆ’. 19ನೇ ಶತಮಾನದ ಡಚ್ ರಾಜರು ವಿಲ್ಲೆಮ್ ದೆ ಏರ್‌ಸ್ತೆ, ದೆ ತ್ವೇದೆ, ದೆ ದೆರ್‌ದೆ. ಈ ಎರಡನೇ ವಿಲ್ಲೆಮ್ ಹೆಸರಿನಲ್ಲಿ ಟಿಲ್‌ಬರ್ಗ್‌ನಲ್ಲಿ ಒಂದು ಫುಟ್‌ಬಾಲ್ ಕ್ಲಬ್ ಇದೆ. ಬರೆಯುವುದು ರಾಜನ ಹಾಗೇ ರೋಮನ್ ಅಂಕಿಯಲ್ಲಿ, ಕರೆಯುವುದು ಮಾತ್ರ ‘ವಿಲ್ಲೆಮ್ ತ್ವೇ’. ಅಲ್ಲಿ ‘ದೆ ತ್ವೇದೆ’ ಎಂದರೆ ಹೊರಗಿನವರೆಂದು ತಕ್ಷಣ ಗೊತ್ತಾಗುತ್ತದೆ. 2013ರ ಏಪ್ರಿಲ್ 30ರಂದು ಪಟ್ಟಕ್ಕೆ ಬಂದ ರಾಜನಿಗೆ ನಾಲ್ಕನೇ ವಿಲ್ಲೆಮ್ ಆಗುವ ಅವಕಾಶ ಇತ್ತು. ಅವರು ವಿಲ್ಲೆಮ್-ಅಲೆಕ್ಸಾಂಡರ್ ಆಗಿಯೇ ಉಳಿದರು. ಸಂಖ್ಯೆ ಹಚ್ಚಿಕೊಂಡ ಹೆಸರು ಹುಲ್ಲುಗಾವಲಿನ ‘ಬೆರ್ತಾ 38’ ಹಸುವಿನ ಪಕ್ಕ ನಿಲ್ಲಿಸಿದ ಹಾಗಿರುತ್ತದೆ ಎಂದು ಅವರೇ ಹಿಂದೆ ಚಟಾಕಿ ಹಾರಿಸಿದ್ದರು.

ಸಂಸತ್ತಿನಲ್ಲಿ ಎಣಿಕೆ ನೋಡಿ ಮೋಸ ಹೋಗಬೇಡಿ. ಜನ ನೇರವಾಗಿ ಆರಿಸುವ, 150 ಸದಸ್ಯರ ಮುಖ್ಯ ಸದನ ‘ತ್ವೇದೆ ಕಾಮೆರ್’. 75 ಸದಸ್ಯರ ಮೇಲ್ಮನೆ ‘ಏರ್‌ಸ್ತೆ ಕಾಮೆರ್’. ಸುದ್ದಿಯಲ್ಲಿ ದಿನಾ ಕೇಳುವುದು ಎರಡನೆಯದನ್ನೇ.

ಹಬ್ಬದಲ್ಲೂ ಎರಡನೆಯದು ಇರುತ್ತದೆ. ಡಿಸೆಂಬರ್ 25 ‘ಏರ್‌ಸ್ತೆ ಕೆರ್ಸ್ತ್‌ದಾಖ್’, 26 ‘ತ್ವೇದೆ ಕೆರ್ಸ್ತ್‌ದಾಖ್’. ಈಸ್ಟರಿಗೂ ಹೀಗೆ ಎರಡು ದಿನ. ಹುಟ್ಟುಹಬ್ಬಗಳಲ್ಲಿ ‘ಫೈಫ್ತೆಖ್‌ಸ್ತೆ’ಗೆ ದೊಡ್ಡ ಗದ್ದಲ. ಐವತ್ತು ತುಂಬಿದ ಗಂಡಸು ಬೈಬಲಿನ ಅಬ್ರಹಾಂನನ್ನು ಕಂಡ, ಹೆಂಗಸು ಅವನ ಹೆಂಡತಿ ಸಾರಾಳನ್ನು ಕಂಡಳು ಎನ್ನುತ್ತಾರೆ. ಮನೆ ಮುಂದೆ ಆಳೆತ್ತರದ ಗೊಂಬೆ ನಿಲ್ಲಿಸುವುದೂ ಉಂಟು.

ಶತಮಾನಕ್ಕೆ ‘ಏವ್’. ಡಚ್ ಚಿತ್ರಕಲೆಯ ಮ್ಯೂಸಿಯಂಗೆ ಹೋದರೆ ‘ಝೇವೆನ್ತೀನ್‌ದೆ ಏವ್’ ಎಂದು ಕೇಳುತ್ತಲೇ ಇರುತ್ತೀರಿ. 17ನೇ ಶತಮಾನ, ಅಂದರೆ 1600ರ ದಶಕಗಳು. ಇನ್ನು ಹೆಪ್ಪುಗಟ್ಟಿದ ಕಾಲುವೆಗಳ ಮೇಲೆ ನಡೆಯುವ, ಸುಮಾರು 200 ಕಿಲೋಮೀಟರ್ ಉದ್ದದ ಸ್ಕೇಟಿಂಗ್ ಸ್ಪರ್ಧೆ ಎಲ್ಫ್‌ಸ್ತೇದೆನ್‌ತೊಖ್ತ್. ಅದರ ‘ಫೈಫ್ತೀನ್‌ದೆ’ ನಡೆದದ್ದು 1997ರ ಜನವರಿ 4ರಂದು. ಆಮೇಲೆ ಮಂಜುಗಡ್ಡೆ ಅಷ್ಟು ದಪ್ಪ ಕಟ್ಟಿಲ್ಲ. ‘ಝೆಸ್ತೀನ್‌ದೆ’ ಯಾವಾಗ ಎನ್ನುವುದು ಚಳಿಗಾಲದ ಖಾಯಂ ಹರಟೆ.

ಹಂತ 9: ಭಿನ್ನರಾಶಿ ಮತ್ತು ‘ಒಂದು ಬಿಟ್ಟು’

ಮೂರನೇ ಒಂದು ಭಾಗ ‘ಏನ್ ದೆರ್‌ದೆ’, ಮೂರನೇ ಎರಡು ಭಾಗ ‘ತ್ವೇ ದೆರ್‌ದೆ’. ಬಹುವಚನ ಮಾಡುವುದು ಬೇಡ. ಡಚ್ ಸಂವಿಧಾನ ತಿದ್ದಲು ಎರಡನೇ ಸುತ್ತಿನಲ್ಲಿ ಬೇಕಾದ ಬಹುಮತ ಈ ‘ತ್ವೇ ದೆರ್‌ದೆ’ಯೇ. ಕಾಲು ಭಾಗಕ್ಕೆ ‘ಫೀರ್‌ದೆ’ಗಿಂತ ‘ಕ್ವರ್ತ್’ ಜಾಸ್ತಿ ಬಳಕೆ. ಒಂದೂವರೆಗೆ ‘ಅಂದೆರ್‌ಹಲ್ಫ್’ ಎಂಬ ಒಂದೇ ಪದ. ಇದರ ‘ಅಂದೆರ್’ ಹಳೇ ಡಚ್ಚಿನಲ್ಲಿ ‘ಎರಡನೇ’ ಎಂದೇ ಆಗಿತ್ತು. ಅಂದರೆ ‘ಎರಡನೆಯದು ಅರ್ಧ’.

ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ರೋಟರ್‌ಡ್ಯಾಮ್ ನೆದರ್ಲೆಂಡ್ಸ್‌ನ ಎರಡನೇ ದೊಡ್ಡ ನಗರ. ಡಚ್ಚರು ಹೇಳುವುದು ‘ಒಪ್ ಏನ್ ನಾ ಖ್ರೋತ್‌ಸ್ತೆ’: ಒಂದನ್ನು ಬಿಟ್ಟರೆ ಅತಿ ದೊಡ್ಡದು. ಮೂರನೆಯದಾದ ಹೇಗ್ ‘ಒಪ್ ತ್ವೇ ನಾ ಖ್ರೋತ್‌ಸ್ತೆ’. ಕಿವಿಗೆ ‘ತ್ವೇ’ ಬಿದ್ದರೂ ಅರ್ಥ ಮೂರನೇ. ಯಾವಾಗಲೂ ಒಂದು ಕೂಡಿಸಿಕೊಳ್ಳಿ. ಕೊನೆಯಿಂದ ಎಣಿಸುವಾಗಲೂ ಇದೇ ಲೆಕ್ಕ: ‘ಲಾತ್‌ಸ್ತೆ’ ಕೊನೆಯದು, ‘ಒಪ್ ಏನ್ ನಾ ಲಾತ್‌ಸ್ತೆ’ ಅದಕ್ಕೆ ಹಿಂದಿನದು. ಬಸ್ಸಿನಲ್ಲಿ ಇಳಿಯುವ ಸ್ಟಾಪ್ ಕೇಳಿದಾಗ ಇದು ಬೇಕಾಗುತ್ತದೆ.

ಹಂತ 10: ಅಭ್ಯಾಸ

ಪಟ್ಟಿಯನ್ನು ಒಂದರಿಂದ ಇಪ್ಪತ್ತಕ್ಕೆ ಓದುವುದರಿಂದ ಲಾಭ ಕಡಿಮೆ. ಲಿಫ್ಟಿನಲ್ಲಿ ಹೋಗುವಾಗ ಮಹಡಿ ಹೇಳಿಕೊಳ್ಳಿ. ಬೀದಿಯಲ್ಲಿ ನಡೆಯುವಾಗ ಎಡಬಲದ ಅಡ್ಡರಸ್ತೆ ಎಣಿಸಿ. ಬೆಳಿಗ್ಗೆ ಇವತ್ತಿನ ತಾರೀಖನ್ನು ಎರಡು ರೀತಿ ಹೇಳಿ, ತಿಂಗಳ ಜೊತೆ ಒಮ್ಮೆ, ತಿಂಗಳಿಲ್ಲದೆ ಒಮ್ಮೆ. ಮನೆಯಲ್ಲಿ ಇನ್ನೊಬ್ಬರು ಡಚ್ ಕಲಿಯುತ್ತಿದ್ದರೆ ಅವರು ಅಂಕಿ ತೋರಿಸಲಿ, ನೀವು ಹೇಳಿ.

ಈಗ ಇವನ್ನು ಹೇಳಿ ನೋಡಿ: 8ನೇ, 18ನೇ, 23ನೇ, 48ನೇ, 108ನೇ, 112ನೇ. ಆಮೇಲೆ ‘ಜೂನ್ 3’ ಮತ್ತು ‘ನಾಲ್ಕನೇ ದೊಡ್ಡ ನಗರ’.

ಉತ್ತರಗಳು: ಅಖ್ತ್‌ಸ್ತೆ. ಅಖ್ತೀನ್‌ದೆ. ದ್ರೀ-ಎನ್-ತ್ವಿಂತೆಖ್‌ಸ್ತೆ. ಅಖ್ತ್-ಎನ್-ಫೇರ್ತೆಖ್‌ಸ್ತೆ. ಹೊಂದೆರ್ತ್‌ಅಖ್ತ್‌ಸ್ತೆ. ಹೊಂದೆರ್ತ್‌ತ್ವಾಲ್ವ್‌ದೆ. ಜೂನ್ 3 ‘ದ್ರೀ ಯೂನಿ’, ‘ದೆರ್‌ದೆ’ ಅಲ್ಲ. ನಾಲ್ಕನೇ ದೊಡ್ಡ ನಗರ ‘ದೆ ಒಪ್ ದ್ರೀ ನಾ ಖ್ರೋತ್‌ಸ್ತೆ ಸ್ತತ್’. ಆ ನಗರ ಉಟ್ರೆಕ್ಟ್.